ಉಗ್ರಾಣದ ಕಿಟಕಿ

ಮೂರನೇ ಮಹಡಿಯ ಗಾಜಿನ ಉಗ್ರಾಣ ನನ್ನದು.
ಬ್ಯುರೆಟ್ಟು, ಬೀಕರು, ಒಡೆದದ್ದಕ್ಕೊಂದು ರಿಜಿಸ್ಟರು.
ಕಿಟಕಿಗೆ ಸರಿಯಾಗಿ ಎದುರಲ್ಲೇ
ಪ್ರೊಫೆಸರ್ ಟೊಲೆಫ್‌ಸನ್ನರ ಬಾಗಿಲು.
ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ
ಯಾರು ಯಾವಾಗ ತಟ್ಟುತ್ತಾರೆ ಅಂತ.

ಮೆಡಿಕಲ್ ಸ್ಕೂಲಿಗೆ ಹೊರಟವರ ತಟ್ಟು ಬೇರೆ.
ಬೆರಳ ಗೆಣ್ಣೂ ಅಂಜುತ್ತದೆ.

ಒಬ್ಬ ಬಂದಿದ್ದ, ಪಾಠ ಶುರುವಾಗಿ ಮೂರೇ ದಿನಕ್ಕೆ:
"ಸರ್, ಮುಂದೊಂದು ದಿನ ಶಿಫಾರಸು ಪತ್ರ ಬೇಕಾದೀತು."
"ಹೆಸರೇನಂದೆ?" ಅಂದರು ಸರ್.
ಇನ್ನೊಬ್ಬಳು ಜೂನ್ ಮುಗಿಯುತ್ತ ಏದುಸಿರಲ್ಲಿ ಬಂದಳು,
ಅಷ್ಟರಲ್ಲಿ ಬಾಗಿಲಿಗೆ ಚೀಟಿ ಅಂಟಿತ್ತು:
ನಾರ್ವೆಯಲ್ಲಿದ್ದೇನೆ, ಮೀನು ಹಿಡಿಯುತ್ತ, ಆಗಸ್ಟಿನವರೆಗೆ.
ಎರಡು ಸಲ ಓದಿದಳು.
ಹಿಂಬದಿಗೇನಾದರೂ ಬರೆದಿದೆಯೇ ಅಂತ
ಎತ್ತಿಯೂ ನೋಡಿದಳು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಮಿಷಿಗನ್ನಿನ ಈ ತುದಿಯಲ್ಲಿ ಗಾಳಿಗೇನು ಬರವೇ?
ಸುಪೀರಿಯರ್ ಸರೋವರದ್ದು, ತಲೆಯ ಟೋಪಿ ಕಿತ್ತುಕೊಂಡು ಹೋಗುತ್ತದೆ.
ಯಾವುದು ತೂರುವ ಗಾಳಿ, ಯಾವುದು ಬರೀ ಚಳಿ,
ಅದನ್ನು ಹೇಳಿಕೊಡುವ ತರಗತಿಯಿಲ್ಲ.

ಐಲಿ ಕಂಗಾಸ್ ಹೇಳಬೇಕು ನಿಮಗೆ.
ರಾತ್ರಿಯೆಲ್ಲ ವೃದ್ಧರ ಆಸ್ಪತ್ರೆಯಲ್ಲಿ ಮಗ್ಗುಲು ಬದಲಿಸುವ ಕೆಲಸ,
ಬೆಳಿಗ್ಗೆ ಎಂಟಕ್ಕೆ ಇಲ್ಲಿ, ಕೂದಲಲ್ಲಿ ಆ ಸೋಪಿನ ವಾಸನೆ.
ತನ್ನ ಗಾಜು ತೊಳೆದ ಮೇಲೆ ಪಕ್ಕದವರದ್ದನ್ನೂ ತೊಳೆಯುತ್ತಿದ್ದಳು.
ಬ್ಯುರೆಟ್ಟಿನಿಂದ ಹನಿ ಬಿಡುವಾಗ
ಉಸಿರು ಹಿಡಿಯುತ್ತಿದ್ದಳು, ನೋಡುವ ನನಗೂ ಉಸಿರು ಕಟ್ಟುತ್ತಿತ್ತು.
ಒಂದು ಹನಿ ಕಮ್ಮಿ, ಬರೀ ನೀರು.
ಒಂದು ಹನಿ ಜಾಸ್ತಿ, ಬಾಯಿಬಡುಕ ಗುಲಾಬಿ.
ನಡುವೆ ಒಂದಿದೆಯಲ್ಲ, ಬಣ್ಣ ಬಂತೋ ಬರಲಿಲ್ಲವೋ ಅನ್ನುವಂಥದ್ದು,
ಅಲ್ಲಿಗೆ ನಲ್ಲಿ ತಿರುಗಿಸುವ ಕೈ ಅದು.

ಆ ಕೈ ಬಾಗಿಲಿಗೆ ಮಾತ್ರ ಏಳಲಿಲ್ಲ.
ಡಿಸೆಂಬರಿನಲ್ಲಿ ಬಂದಳು, ಗ್ರೇಡು ಕೈಗೆ ಸಿಕ್ಕ ದಿನ;
ಒಳಗೆ ಫೋನಿನ ಮಾತು.
ಫೆಬ್ರವರಿಯಲ್ಲಿ ಅವರ ಹೆಂಡತಿಗೆ ಆಪರೇಷನ್ ಅಂತ ಯಾರೋ ಅಂದರು.
ಏಪ್ರಿಲಿನಲ್ಲಿ, ಪ್ರವೇಶ ಪರೀಕ್ಷೆಯ ಅಂಕ ಬಂದುಬಿಡಲಿ.
"ವೈನೋ, ಇವತ್ತು ಹೇಗಿದ್ದಾರೆ?"
ದಿನಾ ನನ್ನನ್ನೇ ಕೇಳುವಳು, ಹಿಮ ಬೀಳುತ್ತದಾ ಅನ್ನುವ ಹಾಗೆ.
ನಾನೂ ದಿನಾ ಅಳೆದು ಸುರಿದು ಹೇಳುತ್ತಿದ್ದೆ.
ತಪ್ಪು ನನ್ನದೂ ಇದೆ.

ನಾನೇ ಬರೆದುಕೊಡುತ್ತಿದ್ದೆ, ಎರಡು ಪುಟ, ಒಂದೇ ಕೂರಿಕೆಯಲ್ಲಿ.
ಆದರೆ ಉಗ್ರಾಣದವನ ಸಹಿ
ಒಡೆದ ಗಾಜಿಗಷ್ಟೇ ಸಲ್ಲುತ್ತದೆ.

ಡಿಗ್ರಿ ಮುಗಿಯಿತು. ಮತ್ತೊಂದು ಚಳಿಗಾಲ, ಇನ್ನೂ ಒಂದು.
ಹೋದ ಮಾರ್ಚಿನಲ್ಲಿ, ಸರೋವರ ಇನ್ನೂ ಬಿಗಿದುಕೊಂಡಿರುವಾಗ,
ಬೂಟಿನ ಹಿಮ ಕೂಡ ಒದರದೆ ಬಂದು ತಟ್ಟಿದಳು.
ಮೂರೇ ನಿಮಿಷ.
"ಆಗಲಿ ಅಂದರು.
ನನ್ನ ಗುರುತು ಸಿಕ್ಕಲಿಲ್ಲ ವೈನೋ. ಸಿಕ್ಕ ಹಾಗೆ ನಕ್ಕರು."

ಸಂಜೆ ಟೊಲೆಫ್‌ಸನ್ ನನ್ನ ಕಿಟಕಿಗೆ ಬಂದರು,
ಗಾಜು ಕೇಳದೆ ಬಂದದ್ದು ಅದೇ ಮೊದಲು.
"ಕಂಗಾಸ್ ಅಂತ... ಎತ್ತರದ ಹುಡುಗಿಯಾ?"
"ಅಲ್ಲ," ಅಂದೆ. "ಒಳಗೆ ಬನ್ನಿ, ಕೂತುಕೊಳ್ಳಿ."

ರಿಜಿಸ್ಟರು ತೆಗೆದು ಅವಳ ಪುಟ ತೋರಿಸಿದೆ.
ಎರಡು ವರ್ಷಕ್ಕೆ ಒಂದೇ ಫ್ಲಾಸ್ಕು, ಹನ್ನೊಂದು ಡಾಲರು.
ಪಕ್ಕದಲ್ಲಿ ಪೆನ್ಸಿಲಿನಲ್ಲಿ, ನನ್ನ ಅಕ್ಷರ:
ಒಡೆದದ್ದು ಇವಳಲ್ಲ. ಬೆಂಚಿನ ಹುಡುಗನಲ್ಲಿ ದುಡ್ಡಿರಲಿಲ್ಲ.
ಅವರು ಕನ್ನಡಕ ತೆಗೆದರು, ಮತ್ತೆ ಹಾಕಿದರು.
ಇನ್ನೇನಾದರೂ, ಅಂದರು.
ದೀಪ ಆರಿಸುವವನು ಬಂದು ಹೋದ, ನಾನು ಹೇಳುತ್ತಲೇ ಇದ್ದೆ.

ಏನು ಬರೆದರೋ ತಿಳಿಯದು.
ಆ ಪತ್ರ ಅವಳೂ ನೋಡುವಂತಿಲ್ಲ, ನಾನಂತೂ ಸರಿಯೇ ಸರಿ.

ನಿನ್ನೆ ಇನ್ನೊಬ್ಬ ಹುಡುಗ ಕಿಟಕಿಗೆ ಬಗ್ಗಿದ,
"ಸರ್ ಮೂಡು ಹೇಗಿದೆ?"
ಪಿಪೆಟ್ಟು ಒರೆಸುತ್ತಿದ್ದೆ, ತಲೆಯೆತ್ತಲಿಲ್ಲ.
"ಕೆಟ್ಟಿದೆ," ಅಂದೆ. "ಹೋಗು."