ಭಂಗಾರ

ಮರಾಠಿಯೊಳಗ ಭಂಗಾರ ಅಂದ್ರ ಗುಜರಿ.
ನಮ್ಮ ಬಾಯಿಗೆ ಅಷ್ಟು ಉಸಿರು ಹೊಂಡೂದಿಲ್ಲ,
ಭ ಅನ್ನಾಕ ಹೋದ್ರ ಬ ಬೀಳತದ.
"ಬಂಗಾರದ ಅಂಗಡಿಗೆ ಹೋಗಿ ಬರ್ತೀನಿ" ಅಂತ
ಒಂದು ಶುಕ್ರವಾರ ಚಪ್ಪಲಿ ಮೆಟ್ಟಿದ್ರು ನಮ್ಮವರು.
ಓಣ್ಯಾಗಿನ ಹೆಂಗಸರು ನನ್ನ ಕೊಳ್ಳು ನೋಡಿದ್ರು.

ಸಂಜಿಗೆ ಕೈಗಾಡಿ ಮ್ಯಾಲ ಬಂತು
ಕಬ್ಬಿಣದ ಒಲಿ.
ಹುಲಿಪಾದ ಮೂರು, ನಾಕನೇದು ಇಟ್ಟಂಗಿ.
ಸೊಲ್ಲಾಪುರದಾಗ, ಮೇ ತಿಂಗಳದಾಗ!
ಪತ್ರಾದ ಮ್ಯಾಲ ಹರವಿದ ಹಪ್ಪಳ
ತಾನಽ ಸುಟ್ಟು ಬರೂ ಊರಾಗ
ಕೋಣಿ ಬೆಚ್ಚಗ ಮಾಡೂ ಒಲಿ.

ಇಪ್ಪತ್ತೆರಡು ವರ್ಷ
ಮಿಲ್ಲಿನ ಬಾಯ್ಲರಿಗೆ ಕಲ್ಲಿದ್ದಲು ಉಣ್ಣಿಸಿದವರು.
ಭೋಂಗಾ ನಿಂತಿತು, ಮಿಲ್ಲು ನಿಂತಿತು,
ಬಾಕಿ ಪಗಾರಿನ ಕಾಗದ ಹಿಡಕೊಂಡು ತಿರಗಿ ತಿರಗಿ
ಗೇಟಿನ ಕೀಲಿಗೂ ಇವರ ಗುರುತು ಹತ್ತಿತ್ತು.
ಸಾಹೇಬನ ಬಂಗಲೆ ಕೆಡವಿದ ದಿನ
ಮೂಲ್ಯಾಗ ಇದು ನಿಂತಿತ್ತಂತ:
ಮೈತುಂಬ ದ್ರಾಕ್ಷಿ ಗೊಂಚಲ, ಎಲಿಯ ನರ ಎಣಿಸಬೇಕು,
ಬಾಗಿಲ ಮ್ಯಾಲ ಮೂಗು ಸವೆದ ಒಂದು ಹುಡುಗಿ ಮುಖ,
ಅದರ ಕೆಳಗ ಅಭ್ರಕದ ಕಿಟಕಿ.
"ಬೆಂಕಿಗೆ ಇಂಥಾ ಮನಿ ಇರತದ ಅಂತ
ನನಗ ಯಾರೂ ಹೇಳಿರಲಿಲ್ಲ" ಅಂದ್ರು.
ಅವರು ಕಂಡ ಬೆಂಕಿಗೆ ಬರೇ ಬಾಯಿ ಇತ್ತು.

ಒಂದಕ್ಕ ನಿಲ್ಲಲಿಲ್ಲ.
ಕುರ್ಡುವಾಡಿ ರೇಲ್ವೆ ಕ್ವಾರ್ಟರ್ಸಿನಿಂದ ನಿಕ್ಕಲ್ ಕಿರೀಟದ್ದು,
ಬಾರ್ಶಿಯಿಂದ ಹಸರು ಚೀನಿ ಬಿಲ್ಲೆದು.
ಅಕ್ಕಲಕೋಟದ ವಕೀಲರ ಕೊಟ್ಟಿಗ್ಯಾಗ
ಹೊಟ್ಟಿತುಂಬ ಹಿಂಡಿ ಇಟ್ಟುಕೊಂಡು ನಿಂತಿತ್ತು ಇನ್ನೊಂದು:
ಅದರ ಮ್ಯಾಲ ಜಿಂಕಿ, ನಾವು ಕಾಣದ ಚೂಪನ್ನ ಗಿಡ,
ಟೊಂಗಿ ಟೊಂಗಿಗೆ ಏನೋ ಬೆಳ್ಳಂದು ಹೊರಿ.
"ಹತ್ತಿ" ಅಂದೆ ನಾ.
"ಹಿಮ" ಅಂದ್ರು ಅವರು.
ಹತ್ತಿ ಒಲಿ ಅಂತಽ ಹೆಸರು ಉಳೀತು.

ರಾತ್ರಿ ಊಟಾದ ಮ್ಯಾಲ ತಂತಿ ಬ್ರಶ್ಶು, ಚಿಮಣಿ ಎಣ್ಣಿ,
ಹಿತ್ತಾಳಿ ಗುಬ್ಬಿಗೆ ಹುಣಸಿಹಣ್ಣು,
ನನ್ನ ಸಾರಿನ ಹುಣಸಿಹಣ್ಣು.
ಬೀಡಿಗೆ ದಾರ ಸುತ್ತಕೋತ ನಾ ನೋಡತಿದ್ದೆ.
ಕೂಸಿಗೆ ಎರೀತಾರಲ್ಲ, ಕಿವಿ ಹಿಂದ, ಕಂಕಳ ಸಂದ್ಯಾಗ,
ಹಂಗ ಹೋಗತಿತ್ತು ಬೆರಳು ಎಲಿ ಎಲಿ ನಡುವ.
ನನಗ ಸಿಟ್ಟು ಬರಬೇಕಿತ್ತು.
ಸ್ವಲ್ಪ ಬಂತು ಸಹಿತ.

ಪುಣೇದಿಂದ ಒಬ್ಬಂವ ಕಾರಿನಾಗ ಬಂದ.
ಹೋಟೆಲಿನ ಬಾಗಿಲಿಗೆ ಇಡತಾನಂತ, ಮ್ಯಾಲ ಹೂಕುಂಡ.
ಹತ್ತಿ ಒಲಿಗೆ ಅಂವ ಹೇಳಿದ ಬೆಲಿ ಕೇಳಿ
ನನ್ನ ಕೈಯಾಗಿನ ಬೀಡಿ ಬಿಚ್ಚಿತು.
ಇವರು ಸುರು ಮಾಡಿದ್ರು:
"ಜಾಳಗಿ ಬಿರದದ. ಬಾಗಿಲ ಕೂಡೂದಿಲ್ಲ.
ಹೊಗಿ ಹಿಂದಕ್ಕ ಬಡೀತದ."
ಹೆಣ್ಣು ನೋಡಾಕ ಬಂದವರ ಮುಂದ
ಮಗಳನ್ನ ಕೊಡಲೊಲ್ಲದ ಅಪ್ಪ ಐಬು ಎಣಿಸಿದಂಗ.
ಕಾರು ಹೋತು.
ಎರಡು ದಿನ ನಾ ಮಾತಾಡಲಿಲ್ಲ.

ಮೂರನೇ ದಿನ ಕಸ ಹೊಡೀಲಿಕ್ಕೆ ಹೋಗಿ
ಮೊದಲಿನ ಒಲಿಯ ಹೊಟ್ಟ್ಯಾಗ ಕೈ ಹಾಕಿದೆ.
ತುಕ್ಕು ಹತ್ತಿತು. ಮಸಿ ಹತ್ತಲಿಲ್ಲ.
ಹಡಗ ಹತ್ತಿ, ರೈಲು ಹತ್ತಿ ಬಂದದ್ದು
ಒಂದು ದಿನ ಉರದಿಲ್ಲ!
ಈ ಊರಿನ ಬಿಸಲಿಗೆ ಇಳಿದ ಸಾಹೇಬ
ಅದನ್ನ ನೋಡಿ ನಕ್ಕಿರಬೇಕು, ಇಲ್ಲಾ ಅತ್ತಿರಬೇಕು.

ಪುಷ್ಯದ ಚಳಿ. ಗ್ಯಾಸ ಮುಗದದ ಅಂತ ನೆವ.
ಇಸ್ತ್ರಿ ಅಂಗಡಿ ಪೆಂಟಯ್ಯನ ಕಡಿಂದ ಒಂದು ಬುಟ್ಟಿ ಇದ್ದಲಿ ತಂದು
ಕೋಳಿ ಕೂಗೂದರಾಗ ಅಂಗಳದಾಗ ಹೊತ್ತಿಸಿದೆ.
ಅಭ್ರಕ ಮೊದಲ ಹಳದಿ ಆತು, ಆಮ್ಯಾಲ ಕೆಂಪು.
ಮೂಗಿಲ್ಲದ ಹುಡುಗಿಗೆ ನೆರಳಿನ ಮೂಗು ಬಂತು.

ಇವರು ಎದ್ದು ಬಂದ್ರು. ಬೈತಾರ ಅಂದಕೊಂಡೆ.
ಕಂಬಳಿ ಹಾಸಿ ಕುಂತ್ರು.
ಭಾಳ ಹೊತ್ತಿನ ಮ್ಯಾಲ ಅಂದ್ರು:
"ಬೆಂಕಿ ಮುಂದ ನಿಂತಽ ಗೊತ್ತು ನನಗ.
ಕುಂತದ್ದು ಇದಽ ಮೊದಲು."

ನಾ ಮ್ಯಾಲಿನ ತಟ್ಟಿಗೆ ಒಂದು ಹಿಡಿ ಶೇಂಗಾ ಚೆಲ್ಲಿದೆ.
"ಸಾವಕಾಶ" ಅಂದ್ರು,
"ಇಟ್ಟಂಗಿ ಸರೀತದ."