ತಟಸ್ಥ ತಂತಿ

ಮೇ ತಿಂಗಳು. ಇಲ್ಲಿ ಎಲೆ ಉದುರುವ ಕಾಲ.
ಮಟೌರಾ ಹೊಳೆಯಾಚೆ ಕುರಿಬಯಲಿನ ನಡುವೆ
ಬೇಲಿ ಬಿಗಿದ ಜಲ್ಲಿನೆಲ; ಅದರ ಮೇಲೆ
ಎಣ್ಣೆ ಕುಡಿದು ಕೂತ ಮೂರು ಟ್ರಾನ್ಸ್‌ಫಾರ್ಮರ್.
ಮೆರೆಯಾನಾಳ ರಾತ್ರಿಪಾಳಿ.

ಸೂರ್ಯನಲ್ಲಿ ಏನೋ ಸಿಡಿದು ನಲವತ್ತು ಗಂಟೆ.
ಬರುತ್ತಿದೆ ಎಂದಿದ್ದರು. ಎಷ್ಟು ಜೋರು ಎಂದು ಹೇಳಬೇಕಾದದ್ದು
ಹದಿನೈದು ಲಕ್ಷ ಕಿಲೋಮೀಟರ್ ದೂರದ ಒಂಟಿ ಉಪಗ್ರಹ.
ಅದು ಬಾಯಿಬಿಟ್ಟಾಗ ಉಳಿದದ್ದು ಮೂವತ್ತೆಂಟು ನಿಮಿಷ—
ಚಹಾ ಮಾಡಿ, ಕುಡಿಯಲು ಮರೆಯುವಷ್ಟು ಹೊತ್ತು.

ಮೊದಲು ಕಂಡವರು ಊರವರು.
ಕಡಲಂಚಿಗೆ ಸಾಲುಸಾಲು ಕಾರು,
ಕಂಬಳಿ ಹೊದ್ದ ಮಕ್ಕಳು, ಮೇಲೆತ್ತಿದ ಫೋನು.
ತೆಂಕಣ ಬಾನು ದಾಳಿಂಬೆ ಬಿರಿದ ಹಾಗೆ.
ಅವಳ ಅಜ್ಜಿ ಹೇಳುತ್ತಿದ್ದಳು: ದೋಣಿಯಲ್ಲಿ ಹಿಮದ ಸೀಮೆಗೆ ಹೋಗಿ
ಹಿಂತಿರುಗದವರು ಅಲ್ಲಿ ಒಲೆ ಹಚ್ಚಿದ್ದಾರೆ,
ಇದ್ದೇವೆ ಎಂದು ತಿಳಿಸಲಿಕ್ಕೆ.
ಮೆರೆಯಾನಾ ಆ ಒಲೆಗೆ ಬೆನ್ನು ಮಾಡಿ
ಒಂದು ಮುಳ್ಳನ್ನು ನೋಡುತ್ತ ನಿಂತಿದ್ದಳು.

ತಟಸ್ಥ ತಂತಿಯ ಮುಳ್ಳು.
ಮೂರು ತಂತಿಗಳು ತಮ್ಮ ತಮ್ಮ ಲೆಕ್ಕ ಚುಕ್ತಾ ಮಾಡಿಕೊಂಡ ಮೇಲೆ
ಏನೂ ಉಳಿಯಬಾರದ ಜಾಗ;
ನೆಲಕ್ಕೆ ಇಳಿಬಿಟ್ಟ ತಾಮ್ರದ ಪಟ್ಟಿ.
ತಟಸ್ಥ—
ಅಂದರೆ ದಡದಲ್ಲಿ ನಿಂತದ್ದು, ಎತ್ತಲೂ ಸೇರದ್ದು.
ಹೊಳೆ ಉಕ್ಕಿದಾಗ ಮೊದಲು ಕಾಲು ನೆನೆಯುವುದು
ದಡದಲ್ಲಿ ನಿಂತವನದೇ.

ಸೊನ್ನೆ. ಮೂರು. ಒಂಬತ್ತು.
ಮತ್ತೆ ನಾಲ್ಕು. ಹೀಗೇ ಹೋಗಿಬಿಡುತ್ತದೇನೋ
ಅಂದುಕೊಳ್ಳುವಷ್ಟರಲ್ಲಿ
ಇಪ್ಪತ್ತೇಳು.

ಈ ಸೀಮೆಯ ಅಡಿಯಲ್ಲಿರುವುದು ಹಳೆಯ ಗಟ್ಟಿ ಬಂಡೆ,
ಯಾರನ್ನೂ ಸುಲಭಕ್ಕೆ ಹಾಯಗೊಡದು.
ಕೆಳಗೆ ದಾರಿ ಸಿಗದ ಕರೆಂಟು ಮೇಲೇರುತ್ತದೆ,
ಉದ್ದನೆಯ ತಂತಿ ಹುಡುಕುತ್ತದೆ.
ನಮ್ಮದರ ಹಾಗೆ ಸೆಕೆಂಡಿಗೆ ಐವತ್ತು ಸಲ
ಹೋಗಿ ಬಂದು ಮಾಡುವುದಲ್ಲ ಅದು; ಒಂದೇ ಕಡೆ ಒತ್ತುವುದು—
ಸಾಕು, ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವನಿಗೆ
ಬೆರಳ ಸಂದಿನಲ್ಲೇ ಬಡಿಸುವ ಹಾಗೆ.

ಎರಡನೆಯ ಟ್ರಾನ್ಸ್‌ಫಾರ್ಮರ್ ನರಳಿತು.
ಗುಂಯ್ ಅನ್ನುವುದು ಅದರ ದಿನದ ಉಸಿರು; ಈಗ
ಡಬ್ಬಿಯಲ್ಲಿ ಮೊಳೆ ಕುಲುಕಿದ ಸದ್ದು.
ಅವಳು ಬ್ಲಫ್‌ನ ಡೌಗಲ್‌ಗೆ ಫೋನು ಹಚ್ಚಿದಳು—
ಇದೇ ಅಂಗಳದಲ್ಲಿ ಮೂವತ್ತು ವರ್ಷ ಸವೆಸಿ
ಈಗ ಹಂಗಾಮಿನ ರಾತ್ರಿಗಳಲ್ಲಿ ಸಿಂಪಿ ಬಿಡಿಸುವವನು.
ಹಲೋ ಅನ್ನಲಿಲ್ಲ. ಫೋನನ್ನು ಟ್ಯಾಂಕಿನ ಕಡೆ ಚಾಚಿದಳು,
ಕೂಸಿನ ಅಳು ದೂರದ ಸೂಲಗಿತ್ತಿಗೆ ಕೇಳಿಸಿದಂತೆ.

"ಎಷ್ಟಿದೆ?"
"ನಲವತ್ತೊಂದು."
ಆ ಕಡೆ ಚಾಕು ಕೆಳಗಿಟ್ಟ ಸದ್ದು.
"ಆ ಸಲ ನಾವು ಕಾದೆವು, ಹುಡುಗಿ. ಇಳಿದೀತು ಅಂತ.
ಬೆಳಿಗ್ಗೆ ನೋಡಿದರೆ ಎಣ್ಣೆ ಕಪ್ಪು.
ಹೊಸದು ಹಡಗು ಹತ್ತಿ ಬರಲು ಹದಿನಾಲ್ಕು ತಿಂಗಳು."

ನಿಯಂತ್ರಣ ಕೋಣೆಗೆ ಅವಳು ಹೇಳಿದ್ದು ಇಷ್ಟೇ:
ಉದ್ದದ ಲೈನು ಬಿಚ್ಚಿ.
ಅತ್ತ ಮೌನ. ಬಿಚ್ಚಿದರೆ ಉಳಿದವುಗಳ ಹೆಗಲಿಗೆ ಭಾರ;
ನಾಲ್ಕಕ್ಕೆ ಹಾಲಿನ ಯಂತ್ರಗಳು ಎದ್ದು ಕೂರುತ್ತವೆ,
ಒಂದೊಂದು ಕೊಟ್ಟಿಗೆಗೆ ಆರುನೂರು ಹಸು.
ಕಟ್ಟುವುದಕ್ಕೇ ಸಂಬಳ ಎಣಿಸಿಕೊಂಡವರು
ಬಿಚ್ಚಿ ಅನ್ನಬೇಕಾದರೆ
ಗಂಟಲು ಒಮ್ಮೆ ಕಟ್ಟುತ್ತದೆ.

ಬಿಚ್ಚಿದರು.
ಸ್ವಿಚ್ಚಿನ ತೋಳು ಮೇಲೆದ್ದಾಗ ನೀಲಿ ಹಾವೊಂದು
ನುಲಿದು, ಹರಿದು, ಇಲ್ಲವಾಯಿತು.
ಮುಳ್ಳು ಹನ್ನೆರಡಕ್ಕೆ ಬಿತ್ತು. ಸೊನ್ನೆಗಲ್ಲ.
ಮೊಳೆಯ ಡಬ್ಬಿ ಮೆಲ್ಲಗೆ
ಗುಂಯ್ ಅಂದಿತು.

ನಾಲ್ಕಕ್ಕೆ ಹೊಳೆಯಾಚೆ ದೀಪ ಹೊತ್ತಿದವು, ಒಂದು, ಆಮೇಲೆ ಆರೇಳು.

ಹಾಲಿನ ಲಾರಿಯ ಹುಡುಗ ಬೇಲಿಗೆ ಬಂದು
ನೋಡಿದೆಯಾ ಎಂದ; ತಾನು ತೆಗೆದದ್ದು ತೋರಿಸಿದ.
ಪರದೆ ತುಂಬ ಕೆಂಪು. ಕೆಳಗಿನ ಮೂಲೆಯಲ್ಲಿ
ಜಲ್ಲಿಯ ಮೇಲೆ ಬೆಂಕಿಕಡ್ಡಿಯಷ್ಟು ಒಬ್ಬಳು,
ಅವಳ ಕೈಯಲ್ಲೂ ಫೋನು;
ಆಕಾಶದ ಕಡೆಗಲ್ಲ.

"ಇದ್ಯಾರು?" ಅಂದ.
ಅವಳು ಆಗಷ್ಟೇ ತೆಗೆದ ಎಣ್ಣೆಯ ಬಾಟಲಿಯನ್ನು
ಮೊದಲ ಬಿಸಿಲಿಗೆ ಎತ್ತಿ ಹಿಡಿದಿದ್ದಳು.
ಜೇನಿನ ಬಣ್ಣ. ಇನ್ನೂ ಜೇನಿನ ಬಣ್ಣ.