ಮಗ್ಗ ನಿಂತ ಹೊತ್ತು

ಗುಳೇದಗುಡ್ಡದ ನಮ್ಮ ಓಣಿಗೆ ಗಡಿಯಾರ ಬೇಕಿರಲಿಲ್ಲ.
ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತರೆ
ಖಟ್ ಖಟಲ್, ಖಟ್ ಖಟಲ್.
ಆ ಸಪ್ಪಳದ ನೆರಳಲ್ಲಿ ನಾವು
ಮಗ್ಗಿ ಬಾಯಿಪಾಠ ಮಾಡಿದೆವು, ಹೇನು ಹೆಕ್ಕಿಸಿಕೊಂಡೆವು,
ನಕ್ಕೆವು ಕೂಡ.

ಹೆದರಿದ್ದು ಸಪ್ಪಳಕ್ಕಲ್ಲ.
ಅದು ನಿಂತಾಗ.

ಎಳೆ ಹರಿದಿರಬಹುದು, ಕಂಡಿಕೆ ತೀರಿರಬಹುದು.
ಎಣಿಸುತ್ತಿದ್ದೆವು ಒಳಗೊಳಗೇ, ಒಂದು, ಎರಡು, ಮೂರು.
ಆರರೊಳಗೆ ಲಾಳಿ ಓಡಿದರೆ ಬದುಕಿದೆವು.
ಏಳು ಅಂದರೆ ಬರೀ ಅಂಕಿಯಲ್ಲ ನಮ್ಮ ಮನೆಯಲ್ಲಿ,
ಅಪ್ಪ ಎದ್ದ ಅಂತ.
ತಮ್ಮ ರಾಚಪ್ಪ ಹಾಸಿಗೆ ಸುರುಳಿಯ ಹಿಂದೆ,
ಅವ್ವ ಒಲೆಯ ಕಡೆ ಮುಖ ಮಾಡಿ,
ನಾನು ಬಾಗಿಲಲ್ಲಿ
ಒಂದು ನಗು ಹೊತ್ತುಕೊಂಡು.

ಅಪ್ಪನ ಸೋದರತ್ತೆ ಸಂಕವ್ವ ಒಮ್ಮೆ ಹೇಳಿದ್ದಳು,
ರೊಟ್ಟಿ ಬಡಿಯುವ ಕೈ ನಿಲ್ಲಿಸದೆ:
"ನಿಮ್ಮಪ್ಪಗ ಆರು ವರ್ಸ ಇದ್ದಾಗ
ಅವನ ದೊಡ್ಡಪ್ಪ ಹಗೇವಿನ್ಯಾಗ ಇಳಿಸಿ ಕಲ್ಲು ಮುಚ್ಚಿದ್ದ.
ಒಂದು ಹಿಡಿ ಶೇಂಗಾ ಕದ್ದಿದ್ದಕ್ಕ.
ಮ್ಯಾಲ ತಗದಾಗ ಅಳಲಿಲ್ಲ ಹುಡುಗ.
ಆಮ್ಯಾಲೂ ಎಂದೂ ಅಳಲಿಲ್ಲ."
ರೊಟ್ಟಿ ಉಬ್ಬಿತು. ಮಗುಚಿದಳು.
ನನಗಾಗ ಹದಿನಾರು. ಕನಿಕರ ಬರಲಿಲ್ಲ.
ಒಂದು ಕುಣಿಯಿಂದ ಹೊರಬಂದವನು
ಇನ್ನೊಂದರಲ್ಲಿ ಕೂತು ಹೊಟ್ಟೆ ಹೊರೆಯುತ್ತಾನಲ್ಲ
ಅನ್ನಿಸಿತು, ಅಷ್ಟೆ.

ಈಗ ಬಾಗಲಕೋಟೆ, ನವನಗರ.
ಗಂಡ ಗುರುಪಾದಪ್ಪ, ಹೆಸ್ಕಾಂ ಲೈನ್‌ಮನ್.
ದಿನವಿಡೀ ಕಂಬ ಹತ್ತಿ ಇಳಿದು ಬರುವ ಮನುಷ್ಯ,
ಮಾತು ಕಡಿಮೆ. ಚಪ್ಪಲಿ ಜೋಡಿಸಿ ಬಿಡುತ್ತಾನೆ,
ಚಾ ಬಸಿಗೆ ಸುರುವಿಕೊಂಡು ಕುಡಿಯುತ್ತಾನೆ.
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೈ ಎತ್ತಿಲ್ಲ.
ಅದೇ ತ್ರಾಸು.
ಆತ ಸುಮ್ಮನೆ ಕೂತರೆ
ನನ್ನೊಳಗೆ ಎಣಿಕೆ ಸುರುವಾಗುತ್ತದೆ.
ಐದು. ಆರು.
ಮುಂದಿನದು ಬರುವ ಮೊದಲೇ ನಾನು ಏನಾದರೂ ಎತ್ತಿ ಒಗೆಯುತ್ತೇನೆ:
ಒಂದು ಮಾತು, ಒಂದು ಪಾತ್ರೆ,
ಅವನ ತಂಗಿಯ ಮದುವೆಗೆ ಹಾಕಿದ ಬಂಗಾರದ ಲೆಕ್ಕ.
"ಏನಾತ ಈಗ?" ಅನ್ನುತ್ತಾನೆ.
ಏನೂ ಆಗಿಲ್ಲ.
ಏನೂ ಆಗದಿರುವುದನ್ನು ತಾಳಿಕೊಳ್ಳುವುದು
ನನಗೆ ಯಾರೂ ಕಲಿಸಿಲ್ಲ.

ನಿನ್ನೆ ಸಂಜೆ ಕರೆಂಟು ಹೋಯಿತು.
ಫ್ಯಾನು, ಟಿವಿ, ಕೆಂಪು ಚಟ್ನಿ ಅರೆಯುತ್ತಿದ್ದ ಮಿಕ್ಸರು,
ಎಲ್ಲ ಒಮ್ಮೆಲೇ.
ಹಿನ್ನೀರಿನ ಕಡೆ ಟಿಟ್ಟಿಭವೊಂದು ಕೂಗಿ
ಅದೂ ಸುಮ್ಮನಾಯಿತು.
ಅವನು ಡ್ಯೂಟಿಯ ಮೇಲೆ.
ಮನೆಯಲ್ಲಿ ನಾನು, ಮೂರನೇತ್ತೆ ಓದುವ ಶ್ರಾವಣಿ.
ಹೆದರಿಸುವವರು ಯಾರೂ ಇಲ್ಲ ಅಂದುಕೊಂಡೆ.

ಆಗ ಕತ್ತಲಲ್ಲಿ
ಟಕ್ ಟಕಕ್, ಟಕ್ ಟಕಕ್.
ಸ್ಟೀಲಿನ ಲೋಟಕ್ಕೆ ಪೆನ್ಸಿಲು.
"ಏನ್ ಮಾಡಾಕತ್ತೀ?"
"ಏನಿಲ್ಲವ್ವ. ಕರೆಂಟ್ ಬರೂತನಕ ಅಷ್ಟ.
ಸಪ್ಪಳ ಇದ್ರ ನೀ ಸಿಟ್ಟಾಗೂದಿಲ್ಲ."
ಅನ್ನುವಾಗ ಅವಳು ನಕ್ಕಳು.
ಕತ್ತಲಲ್ಲೂ ಗುರುತು ಹತ್ತಿತು,
ಬಾಗಿಲಲ್ಲಿ ನಾನು ಹೊತ್ತುಕೊಂಡಿದ್ದೆನಲ್ಲ,
ಅದೇ.

ಲೋಟದ ಮೇಲೆ ಕೈ ಇಟ್ಟೆ. ಟಕಟಕ ನಿಂತಿತು.
ಅವಳ ಉಸಿರೂ.
ಏನು ಹೇಳಬೇಕೆಂದು ತಿಳಿಯದೆ
ಬಾಯಿಬಿಟ್ಟು ಎಣಿಸಿದೆ.
ಐದು. ಆರು. ಏಳು.
ಎಂಟು ಅಂದೆ. ಎಂಟರವರೆಗೆ ನಾನೆಂದೂ ಹೋದವಳಲ್ಲ.
ಒಂಬತ್ತಕ್ಕೆ ಅವಳ ದನಿ ಬಂದು ಕೂಡಿತು.
ಎಣಿಕೆಯೂ ಒಂದು ಸಪ್ಪಳವೇ, ಗೊತ್ತಿದೆ.
ಮೂವತ್ತೆರಡಕ್ಕೆ ಇಬ್ಬರೂ ತಪ್ಪಿ
ಸುಮ್ಮನಾದೆವು.
ಅವಳ ತಲೆ ನನ್ನ ತೊಡೆಯ ಮೇಲೆ ಭಾರವಾಗುತ್ತ ಹೋಯಿತು.

ದೀಪ ಬಂತು.
ಮಿಕ್ಸರು ತಾನಾಗಿಯೇ ಗರಗರ ತಿರುಗತೊಡಗಿ
ಇಬ್ಬರೂ ಬೆಚ್ಚಿದೆವು.
ಎದ್ದು ಹೋಗಿ
ಅದನ್ನು ಬಂದ್ ಮಾಡಿದೆ.